ಹಿತ್ತಲ ಗಿಡವೂ ಮದ್ದೇ



ಪ್ರತಿ ವರ್ಷ ಸರ್ವಸದಸ್ಯರ ಸಭೆಯಲ್ಲಿ ಆಯವ್ಯಯ ಮಂಡಿಸುವಾಗ ಒಂದು ಸಾಲು ಸದ್ದಿಲ್ಲದೆ ಸಾಗಿಹೋಗುತ್ತದೆ: 'ಆನ್‌ಲೈನ್ ಸಭೆಗಳ ವಾರ್ಷಿಕ ಚಂದಾ'. ಹೋಳಿಗೆ ಊಟದ ಖರ್ಚಿನ ಬಗ್ಗೆ, ಸಭಾಂಗಣದ ಬಾಡಿಗೆಯ ಬಗ್ಗೆ ಬಿಸಿಬಿಸಿ ಚರ್ಚೆ ನಡೆಯುತ್ತದೆ. ಈ ಸಾಲು ಬಂದಾಗ ಮಾತ್ರ ಎಲ್ಲರೂ ಗಡಿಯಾರ ನೋಡುತ್ತಾರೆ. ಈ ಸಲ ಹಾಗಾಗಬಾರದು. ಮಕ್ಕಳ ಕನ್ನಡ ತರಗತಿ, ಹಿರಿಯರ ಹರಟೆ, ಊರಿನ ಸಾಹಿತಿಗಳ ಉಪನ್ಯಾಸ ಇವಿಷ್ಟೂ ನಡೆಯುವ ಜಾಗ ಸಂಘದ್ದೇ ಆಗಿರಬೇಕು, ಸಂಘದ ಲಿನಕ್ಸ್ ಸರ್ವರ್ ಮೇಲೆ ನಾವೇ ಹೂಡಿ ನಾವೇ ನಡೆಸಬೇಕು ಎಂಬುದು ನಮ್ಮ ವಾದ.

2020ರ ಮಾರ್ಚ್ 16ರಂದು ನಮ್ಮ ಅಲಮೀಡಾ ಸೇರಿ ಬೇ ಏರಿಯಾದ ಆರು ಕೌಂಟಿಗಳು ಜನರು ಮನೆಯಲ್ಲೇ ಇರಬೇಕೆಂದು ಆಜ್ಞೆ ಹೊರಡಿಸಿದವು. ಆಗ ಕೈಗೆ ಸಿಕ್ಕ ಸಾಧನವನ್ನು ಹಿಡಿದು ತರಗತಿ ಉಳಿಸಿಕೊಂಡವರಿಗೆ ನಾವೆಲ್ಲ ಋಣಿಗಳು. ಮನೆಗೆ ಬೆಂಕಿ ಬಿದ್ದಾಗ ನೀರು ಯಾರ ಬಾವಿಯದೆಂದು ಯಾರೂ ಕೇಳುವುದಿಲ್ಲ. ಆದರೆ ಬೆಂಕಿ ಆರಿ ಇಷ್ಟು ವರ್ಷಗಳಾದ ಮೇಲೂ ಪಕ್ಕದ ಮನೆಯ ಬಾವಿಯಿಂದಲೇ ದುಡ್ಡು ಕೊಟ್ಟು ನೀರು ತರುತ್ತಿದ್ದರೆ ಅದನ್ನು ಅನಿವಾರ್ಯವೆನ್ನಲಾಗದು, ಆಲಸ್ಯವೆನ್ನಬೇಕು.

ಬಾಡಿಗೆ ಮನೆಯ ಕಥೆ ನಮಗೆ ಹೊಸದಲ್ಲ. ಹೊರನಾಡಿನ ಎಷ್ಟೋ ಭಾರತೀಯ ಸಂಘಗಳು ತಮ್ಮ ಪತ್ರವ್ಯವಹಾರವನ್ನೆಲ್ಲ ಯಾಹೂ ಗ್ರೂಪ್ಸ್‌ನಲ್ಲಿ ಇಟ್ಟಿದ್ದವು. 2019ರ ಅಕ್ಟೋಬರ್‌ನಲ್ಲಿ ಪ್ರಕಟಣೆ ಬಂತು, ಕೆಲವೇ ತಿಂಗಳಲ್ಲಿ ಹಳೆಯ ಕಾಗದಪತ್ರಗಳು ಅಳಿಸಿಹೋದವು, 2020ರ ಡಿಸೆಂಬರ್‌ನಲ್ಲಿ ಬಾಗಿಲೇ ಮುಚ್ಚಿತು. ಊರಿನ ಅಪ್ಪ ಅಮ್ಮನ ಮುಖ ನೋಡಲು ನಾವೆಲ್ಲ ಆಶ್ರಯಿಸಿದ್ದ ಸ್ಕೈಪ್ 2025ರ ಮೇ 5ರಂದು ನಿಂತುಹೋಯಿತು. ಇದರಲ್ಲಿ ಮೋಸವೇನೂ ಇಲ್ಲ. ಮನೆ ಅವರದು, ಖಾಲಿ ಮಾಡಿ ಎಂದರೆ ಖಾಲಿ ಮಾಡಬೇಕು. ಬಾಡಿಗೆ ಮನೆಯಲ್ಲಿ ದೇವರ ಕೋಣೆ ಕಟ್ಟಿಸಿದ್ದು ಯಾರ ತಪ್ಪು?

ಹೆಸರು ಬೇಡ, ನಮಗೆ ಪರಿಚಿತವಾದ ಒಂದು ಸಂಘದ ಅನುಭವ ಹೇಳುತ್ತೇವೆ. ಕೋವಿಡ್ ಕಾಲದಲ್ಲಿ ಅಲ್ಲಿ ಹಿರಿಯರೊಬ್ಬರು ತಮ್ಮ ಊರಿನ ತಾಳಮದ್ದಳೆಯ ನೆನಪುಗಳನ್ನು ವಾರಕ್ಕೊಂದು ಸಂಜೆ ಹೇಳುತ್ತಿದ್ದರು. ಎಲ್ಲವೂ ರೆಕಾರ್ಡ್ ಆಗಿತ್ತು. ಖಾತೆ ಅಂದಿನ ಪದಾಧಿಕಾರಿಯೊಬ್ಬರ ಸ್ವಂತ ಹೆಸರಿನಲ್ಲಿತ್ತು, ದುಡ್ಡು ಅವರದೇ ಕಾರ್ಡಿನಿಂದ ಹೋಗುತ್ತಿತ್ತು. ಸಮಿತಿ ಬದಲಾಯಿತು, ಕಾರ್ಡಿನ ಅವಧಿ ಮುಗಿಯಿತು, ಖಾತೆ ಮುಚ್ಚಿತು. ಆ ಹಿರಿಯರು ತೀರಿಕೊಂಡ ಮೇಲೆ ಮೊಮ್ಮಕ್ಕಳು ಅಜ್ಜನ ಧ್ವನಿ ಕೇಳಬೇಕೆಂದು ಬಂದಾಗ ಕೊಡಲು ಒಂದು ನಿಮಿಷದ ರೆಕಾರ್ಡಿಂಗೂ ಇರಲಿಲ್ಲ. ನಮ್ಮ ಸಂಘದಲ್ಲಿ ಇಂಥದು ಆಗಬಾರದು.

ಇನ್ನೊಂದು ಮಾತು ವೈದ್ಯರಾಗಿ ಹೇಳಬೇಕು. ರೋಗಿಯೊಬ್ಬರ ವಿವರವನ್ನು ನಮ್ಮ ಪರವಾಗಿ ಕಂಪನಿಯೊಂದು ಇಟ್ಟುಕೊಳ್ಳಬೇಕಾದರೆ ಅಥವಾ ನಿರ್ವಹಿಸಬೇಕಾದರೆ 1996ರ ಹಿಪಾ ಕಾಯಿದೆಯ ನಿಯಮಗಳ ಪ್ರಕಾರ ಆ ಕಂಪನಿಯೊಡನೆ ಲಿಖಿತ ಒಪ್ಪಂದ ಇರಬೇಕು. ಎಂಟು ವರ್ಷದ ಮಗುವಿನ ಮುಖ, ಹೆಸರು, ಧ್ವನಿ ಕನ್ನಡ ತರಗತಿಯಲ್ಲಿ ವಾರವಾರ ಪ್ರಸಾರವಾಗುವಾಗ ನಾವು ಯಾವ ಒಪ್ಪಂದ ಓದಿದ್ದೇವೆ? 'ಒಪ್ಪಿದೆ' ಎಂಬ ಗುಂಡಿ ಒತ್ತಿದ್ದೇವೆ, ಅಷ್ಟೆ. ಇದು ಕಾಲ್ಪನಿಕ ಭಯವಲ್ಲ. ಝೂಮ್ ಕಂಪನಿ ಕನಿಷ್ಠ 2016ರಿಂದ ತನ್ನ ಸಭೆಗಳು ತುದಿಯಿಂದ ತುದಿಗೆ ಗೂಢಲಿಪಿಯಲ್ಲಿವೆ ಎಂದು ಹೇಳಿ ಗ್ರಾಹಕರನ್ನು ದಾರಿತಪ್ಪಿಸಿತು, ಬೀಗದ ಕೈಗಳನ್ನು ತಾನೇ ಇಟ್ಟುಕೊಂಡಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿ 2020ರ ನವೆಂಬರ್‌ನಲ್ಲಿ ರಾಜಿ ಒಪ್ಪಂದವನ್ನು ಪ್ರಕಟಿಸಿತು. ಅಷ್ಟರಲ್ಲಿ ಕಂಪನಿ ನಿಜವಾದ ಗೂಢಲಿಪಿಯ ಆಯ್ಕೆಯನ್ನೂ ಕೊಟ್ಟಿತ್ತು, ನ್ಯಾಯವಾಗಿ ಅದನ್ನೂ ಹೇಳಬೇಕು.

ಹಾಗಾದರೆ ಮದ್ದು ಏನು? ಹಿತ್ತಲಲ್ಲೇ ಇದೆ. 2003ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಎಮಿಲ್ ಇವೊವ್ ಎಂಬ ವಿದ್ಯಾರ್ಥಿ ಆರಂಭಿಸಿದ ಕೆಲಸವೇ ಇಂದಿನ ಜಿಟ್ಸಿ. 2018ರಿಂದ ಇದರ ಒಡೆತನ ನಮ್ಮ ಬೇ ಏರಿಯಾದ್ದೇ ಆದ 8x8 ಎಂಬ ಕಂಪನಿಯದು. 'ಅದೂ ಕಂಪನಿಯದೇ ಅಲ್ಲವೇ?' ಎಂದು ಕೇಳಬಹುದು. ವ್ಯತ್ಯಾಸ ಪರವಾನಗಿಯಲ್ಲಿದೆ. ಅಪಾಚೆ ಪರವಾನಗಿಯಡಿ ಬಿಡುಗಡೆಯಾದ ಸಂಕೇತವನ್ನು ಯಾರೂ ಇಳಿಸಿಕೊಂಡು ತಮ್ಮ ಯಂತ್ರದಲ್ಲಿ ನಡೆಸಬಹುದು. 2023ರ ಆಗಸ್ಟ್‌ನಲ್ಲಿ ಜಿಟ್ಸಿಯ ಸಾರ್ವಜನಿಕ ತಾಣದಲ್ಲಿ ಸಭೆ ಆರಂಭಿಸುವವರು ಲಾಗಿನ್ ಆಗಲೇಬೇಕೆಂಬ ನಿಯಮ ಬಂತು. ಸ್ವಂತ ಸರ್ವರ್ ಇದ್ದವರಿಗೆ ಅದರ ಬಿಸಿ ತಟ್ಟಲಿಲ್ಲ. ಪಾಠಕ್ಕೆಂದೇ ಮಾಡಿದ ಬಿಗ್‌ಬ್ಲೂಬಟನ್ ಎಂಬ ಇನ್ನೊಂದಿದೆ. 2007ರಲ್ಲಿ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಅದರ ಬಿಳಿಹಲಗೆ ಸೊಗಸಾಗಿದೆ, ಆದರೆ 16 ಜಿಬಿ ನೆನಪುಶಕ್ತಿಯ ದೊಡ್ಡ ಯಂತ್ರ ಕೇಳುತ್ತದೆ. ನಮಗೆ ಜಿಟ್ಸಿ ಸಾಕು.

ಹೂಡುವುದೂ ಬ್ರಹ್ಮವಿದ್ಯೆಯಲ್ಲ. ಡೆಬಿಯನ್ ಅಥವಾ ಉಬುಂಟು ಹಾಕಿದ ಒಂದು ಸರ್ವರ್ ಬಾಡಿಗೆಗೆ ಪಡೆಯುವುದು, ಸಂಘದ ಹೆಸರಿನ ಡೊಮೇನನ್ನು ಅದಕ್ಕೆ ಜೋಡಿಸುವುದು, 80, 443 ಮತ್ತು 10000 ಎಂಬ ಮೂರು ಪೋರ್ಟುಗಳನ್ನು ತೆರೆಯುವುದು, ಜಿಟ್ಸಿ ಪ್ಯಾಕೇಜ್ ಹಾಕುವುದು, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಪ್ರಮಾಣಪತ್ರ ಪಡೆಯುವುದು. ಸಭೆಯ ಕೋಣೆ ತೆರೆಯುವ ಅಧಿಕಾರ ಶಿಕ್ಷಕರಿಗೆ ಮಾತ್ರ ಇರುವಂತೆ ಪಾಸ್‌ವರ್ಡ್ ಇಡುವುದನ್ನು ಮರೆಯಬಾರದು. ಒಳಗಿನ ಕೆಲಸ ನಮ್ಮ ಪಂಕ್ತಿ ಊಟದಂತೆ. ಇಪ್ಪತ್ತು ಮಕ್ಕಳು ಒಬ್ಬೊಬ್ಬರೂ ಉಳಿದ ಹತ್ತೊಂಬತ್ತು ಎಲೆಗೆ ಬಡಿಸಲು ಹೋದರೆ ಗದ್ದಲ. ಇಲ್ಲಿ ಪ್ರತಿಯೊಬ್ಬರೂ ತಮ್ಮ ಚಿತ್ರವನ್ನು ಸರ್ವರಿಗೆ ಒಮ್ಮೆ ಕಳಿಸುತ್ತಾರೆ, ಅದು ಎಲ್ಲರಿಗೂ ಬಡಿಸುತ್ತದೆ. ದಾರಿಯಲ್ಲಿ ಚಿತ್ರ, ಧ್ವನಿ ಗೂಢಲಿಪಿಯಲ್ಲೇ ಸಾಗುತ್ತವೆ, ಆದರೆ ಬಡಿಸುವವನ ಕೈಯಲ್ಲಿ ಬಿಚ್ಚಿಕೊಳ್ಳುತ್ತವೆ. ಬಡಿಸುವವನು ನಮ್ಮವನಾಗಿರಬೇಕು ಎಂಬ ವಾದದ ತಿರುಳು ಇದೇ.

'ಯಾರು ನೋಡಿಕೊಳ್ಳುತ್ತಾರೆ, ಸ್ವಾಮಿ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಡಬ್ಲಿನ್, ಪ್ಲೆಸೆಂಟನ್, ಸ್ಯಾನ್ ರಮೋನ್‌ನ ಕನ್ನಡ ಮನೆಗಳಲ್ಲಿ ಸರ್ವರ್ ನೋಡಿಕೊಂಡೇ ಅನ್ನ ಉಣ್ಣುವವರು ಎಷ್ಟಿಲ್ಲ? ಲೋಕಕ್ಕೆಲ್ಲ ಬಾವಿ ತೋಡುವವರ ಮನೆಯಲ್ಲಿ ಕುಡಿಯಲು ಬಾಟಲಿ ನೀರು! ದೀಪದ ಬುಡದಲ್ಲೇ ಕತ್ತಲೆ ಎಂದರೆ ಇದೇ. ಆಸ್ಪತ್ರೆಯಲ್ಲಿ ನಾವು ರಾತ್ರಿ ಪಾಳಿಗೆ ಪಟ್ಟಿ ಹಾಕುವಂತೆ ಇದಕ್ಕೂ ಒಂದು ಪಟ್ಟಿ ಹಾಕೋಣ. ಬೀಗದ ಕೈ ಒಬ್ಬರ ಬಳಿ ಬೇಡ, ಮೂವರ ಬಳಿ ಇರಲಿ. ಮಾಡಿದ ಕೆಲಸವೆಲ್ಲ ಕನ್ನಡದಲ್ಲಿ ಒಂದು ನೋಟ್‌ಬುಕ್‌ನಲ್ಲಿ ದಾಖಲಾಗಲಿ.

ಕಷ್ಟಗಳಿಲ್ಲವೆಂದು ನಾವು ಹೇಳುವುದಿಲ್ಲ. ಸುರಕ್ಷತೆಯ ಅಪ್‌ಡೇಟ್‌ಗಳನ್ನು ತಪ್ಪದೆ ಹಾಕಬೇಕು, ಹಾಕದಿದ್ದರೆ ಸ್ವಂತ ಮನೆಯೂ ಕಳ್ಳರ ಪಾಲು. ರೆಕಾರ್ಡಿಂಗ್‌ಗೆ ಜಿಬ್ರಿ ಎಂಬ ಇನ್ನೊಂದು ತಂತ್ರಾಂಶವನ್ನು ಬೇರೆ ಯಂತ್ರದಲ್ಲಿ ಹೂಡಬೇಕು. ಹೀಗೆ ಬಾಡಿಗೆ ಪಡೆದ ಸರ್ವರೂ ಯಾವುದೋ ಕಂಪನಿಯ ಕಟ್ಟಡದಲ್ಲೇ ಇರುತ್ತದೆ, ನಿಜ. ಆದರೆ ಅವರು ಮುಚ್ಚಿದರೆ ಗಂಟುಮೂಟೆ ಕಟ್ಟಿ ಮರುದಿನ ಇನ್ನೊಂದು ಕಡೆ ಅದೇ ವಿಳಾಸದಲ್ಲಿ ಒಲೆ ಹೂಡಬಹುದು. ರಾಜ್ಯೋತ್ಸವದಂತಹ ನೂರಾರು ಜನರ ಕಾರ್ಯಕ್ರಮಕ್ಕೆ ಸಣ್ಣ ಸರ್ವರ್ ಸಾಲದು, ಅದಕ್ಕೆ ಆ ಒಂದು ದಿನ ಬೇರೆ ಏರ್ಪಾಟು ಮಾಡಿಕೊಳ್ಳೋಣ. ಮದುವೆಗೆ ಛತ್ರ ಹಿಡಿಯುತ್ತೇವೆಂದು ದಿನದ ಊಟವನ್ನೂ ಛತ್ರದಲ್ಲೇ ಮಾಡಬೇಕೆ?

ಆದ್ದರಿಂದ ನಮ್ಮ ಸಲಹೆ ಇಷ್ಟು. ಚಂದಾವನ್ನು ನಾಳೆಯೇ ನಿಲ್ಲಿಸಬೇಡಿ. ಮೂರು ತಿಂಗಳು ಎರಡೂ ನಡೆಯಲಿ. ಮೊದಲು ಮಕ್ಕಳ ತರಗತಿ ನಮ್ಮ ಸರ್ವರಿಗೆ ಬರಲಿ, ಆಮೇಲೆ ಹಿರಿಯರ ಹರಟೆ. ಬೇಸಿಗೆಯಲ್ಲಿ ಇಲ್ಲಿ ಶನಿವಾರ ರಾತ್ರಿ ಎಂಟಾದರೆ ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಎಂಟೂವರೆ. ಊರಿನ ಅಜ್ಜಿ ತಾತಂದಿರನ್ನೂ ಕರೆದು ಚಿತ್ರ ನಿಲ್ಲುತ್ತದೆಯೇ, ಮಾತು ಕೇಳುತ್ತದೆಯೇ ಎಂದು ಪರೀಕ್ಷಿಸೋಣ. ಅಪ್ಪಣೆ ಪಡೆದು ಮಾಡಿದ ರೆಕಾರ್ಡಿಂಗ್‌ಗಳ ಒಂದೊಂದು ಪ್ರತಿ ಇಬ್ಬರ ಮನೆಯಲ್ಲಿರಲಿ. ಮೂರು ತಿಂಗಳಾದ ಮೇಲೆ ಶಿಕ್ಷಕರು ಬೇಡವೆಂದರೆ ಬಿಡೋಣ.

ಸರ್ವಸದಸ್ಯರ ಸಭೆಯಲ್ಲಿ ಆ ಸಾಲು ಬಂದಾಗ ದಯವಿಟ್ಟು ಗಡಿಯಾರ ನೋಡಬೇಡಿ, ಕೈ ಎತ್ತಿ. ಲಿನಕ್ಸ್ ಬಲ್ಲ ತರುಣ ತರುಣಿಯರು ಅಂದೇ ಕಾರ್ಯದರ್ಶಿಗಳ ಬಳಿ ತಮ್ಮ ಹೆಸರು ಬರೆಸಿ.

ಸಿರಿಗನ್ನಡಂ ಗೆಲ್ಗೆ.

- ಸದಸ್ಯ ವೈದ್ಯರೊಬ್ಬರು, ಡಬ್ಲಿನ್