ಪ್ರತಿಯಿಂದ ಕೆಲಸ, ಮೂಲದಿಂದ ಫಲ



ಮನೆಯ ಮಂಗಳಕಾರ್ಯಗಳನ್ನೂ ಹಿರಿಯರ ಮಾತುಗಳನ್ನೂ ಇಂದು ಮನೆಯವರೇ ಮೊಬೈಲಿನಲ್ಲಿ ಚಿತ್ರೀಕರಿಸುತ್ತಾರೆ. ಚಿತ್ರೀಕರಣ ಸುಲಭ, ಸಂಕಲನವೇ ಕಷ್ಟ. ನಮಗೆ ಪರಿಚಿತನಾದ ತರುಣನೊಬ್ಬನು ತನ್ನ ಅಜ್ಜಿಯ ಬಾಲ್ಯದ ನೆನಪುಗಳನ್ನು ನಾಲ್ಕು ದಿನ ಕುಳಿತು 4ಕೆ ವಿಡಿಯೋದಲ್ಲಿ ಹಿಡಿದಿದ್ದನು. ಕಂಪ್ಯೂಟರಿನಲ್ಲಿ ತೆರೆದರೆ ಚಿತ್ರವು ಹೆಜ್ಜೆಹೆಜ್ಜೆಗೂ ತಡವರಿಸುತ್ತಿತ್ತು. “ಗುರುಗಳೇ, ಸಾಲ ಮಾಡಿಯಾದರೂ ಹೊಸ ಯಂತ್ರ ಕೊಳ್ಳಬೇಕಾಗಿದೆ” ಎಂದು ನಮ್ಮಲ್ಲಿ ಬಂದು ಹೇಳಿಕೊಂಡನು. ನಮ್ಮ ಉಪನ್ಯಾಸಗಳ ವಿಡಿಯೋ ಜೋಡಿಸುವಾಗ ನಾವು ಕಲಿತಿದ್ದ ಉಪಾಯವೊಂದಿತ್ತು. “ಸಾಲ ಬೇಡ, ಪ್ರಾಕ್ಸಿ ಮಾಡಿಕೋ” ಎಂದೆವು.

ಪ್ರಾಕ್ಸಿ ಎಂದರೆ ಮೂಲ ವಿಡಿಯೋದ ಹಗುರವಾದ ಪ್ರತಿ. 4ಕೆ ಚಿತ್ರವೊಂದರಲ್ಲಿ 3840 ಅಡ್ಡ, 2160 ಉದ್ದ, ಒಟ್ಟು 82,94,400 ಬಿಂದುಗಳಿರುತ್ತವೆ. ಸೆಕೆಂಡಿಗೆ 25 ಚಿತ್ರಗಳಾದರೆ ಯಂತ್ರವು ಕ್ಷಣಕ್ಷಣಕ್ಕೂ ಇಪ್ಪತ್ತು ಕೋಟಿಗೂ ಮಿಕ್ಕ ಬಿಂದುಗಳನ್ನು ಮೂಡಿಸಬೇಕು. 960×540 ಅಳತೆಯ ಪ್ರಾಕ್ಸಿಯಲ್ಲಿ ಈ ಹೊರೆ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಇನ್ನೊಂದು ಕಾರಣವೂ ಉಂಟು. ಎಚ್.264, ಎಚ್.265 ಎಂಬ ಸಂಕೋಚನ ಕ್ರಮಗಳಲ್ಲಿ ಮೊಬೈಲು ಸಾಮಾನ್ಯವಾಗಿ ಕೆಲವೇ ಚಿತ್ರಗಳನ್ನು ಪೂರ್ಣವಾಗಿ ಬರೆದಿಡುತ್ತದೆ. ಉಳಿದವುಗಳಲ್ಲಿ ನೆರೆಯ ಚಿತ್ರಗಳಿಗಿಂತ ಬದಲಾದುದನ್ನಷ್ಟೇ ದಾಖಲಿಸುತ್ತದೆ. ನಡುವೆ ಎಲ್ಲಿ ನಿಂತರೂ ಕಂಪ್ಯೂಟರು ಹಿಂದಿನದನ್ನು ಹುಡುಕಿ ಚಿತ್ರವನ್ನು ಕಟ್ಟಿಕೊಳ್ಳಬೇಕು. ಪ್ರೋರೆಸ್ ಪ್ರಾಕ್ಸಿ, ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಮೊದಲಾದ ಕ್ರಮಗಳಲ್ಲಿ ಪ್ರತಿ ಚಿತ್ರವೂ ತಾನೇ ಪೂರ್ಣವಾಗಿರುವುದರಿಂದ ಹಳೆಯ ಯಂತ್ರವೂ ಸರಾಗವಾಗಿ ನಡೆಯುತ್ತದೆ.

ಈ ವಿವೇಕವು ಹೊಸದಲ್ಲ. ಫಿಲ್ಮಿನ ಕಾಲದಲ್ಲಿ ಸಂಕಲನಕಾರರು ನೆಗೆಟಿವ್‌ಗೆ ಕತ್ತರಿ ಹಾಕುತ್ತಿರಲಿಲ್ಲ. ಅದರಿಂದ ತೆಗೆದ ಪ್ರತಿಯನ್ನೇ ಕತ್ತರಿಸಿ ಜೋಡಿಸುತ್ತಿದ್ದರು. ಎಲ್ಲವೂ ನಿಶ್ಚಯವಾದ ಬಳಿಕ ಫಿಲ್ಮಿನ ಅಂಚಿನ ಸಂಖ್ಯೆಗಳನ್ನು ನೋಡಿ ನೆಗೆಟಿವನ್ನು ಅದಕ್ಕೆ ಸರಿಯಾಗಿ ಹೊಂದಿಸುತ್ತಿದ್ದರು.

ಇಂದು ಆ ಹೊಂದಾಣಿಕೆಯನ್ನು ತಂತ್ರಾಂಶವೇ ಮಾಡುತ್ತದೆ. ಡಾವಿಂಚಿ ರಿಸಾಲ್ವ್, ಪ್ರೀಮಿಯರ್ ಪ್ರೊ ಮುಂತಾದವುಗಳಲ್ಲಿ ವಿಡಿಯೋಗಳನ್ನು ಆರಿಸಿ ಪ್ರಾಕ್ಸಿ ತಯಾರಿಸಲು ಆಜ್ಞೆ ಕೊಟ್ಟರೆ ಸಾಕು. ತಯಾರಿಗೆ ಸಮಯವೂ ಡಿಸ್ಕಿನಲ್ಲಿ ಹೆಚ್ಚಿನ ಸ್ಥಳವೂ ಬೇಕು. ರಾತ್ರಿ ಹಚ್ಚಿಟ್ಟು ಮಲಗುವುದು ಲೇಸು. ಕತ್ತರಿಸುವುದು, ಜೋಡಿಸುವುದು ಪ್ರಾಕ್ಸಿಯಲ್ಲಿ ನಡೆಯಲಿ. ಬಣ್ಣ ತಿದ್ದುವಾಗಲೂ ಕೊನೆಯ ವಿಡಿಯೋ ಹೊರತೆಗೆಯುವಾಗಲೂ ಮೂಲಕ್ಕೆ ಮರಳಬೇಕು.

ತರುಣನ ಕೆಲಸ ಸರಾಗವಾಯಿತು. ಒಂದೇ ವಾರದಲ್ಲಿ ಸಂಕಲನ ಮುಗಿಸಿ ತೋರಿಸಿದನು. ನಾವು ಬೆನ್ನು ತಟ್ಟಿದೆವು. ಆದರೆ ಡಿಸ್ಕು ತುಂಬಿತೆಂದು ಅವನು ಮೂಲಗಳನ್ನೆಲ್ಲ ಅಳಿಸಿಬಿಟ್ಟಿದ್ದನು. ಚಿಕ್ಕ ಪರದೆಯಲ್ಲಿ ಪ್ರತಿಯು ಚೆನ್ನಾಗಿಯೇ ಕಾಣುತ್ತಿದ್ದುದರಿಂದ ಅದೇ ಸಾಕೆಂದು ತಿಳಿದಿದ್ದನು. ಎರಡು ತಿಂಗಳಲ್ಲಿ ಅಜ್ಜಿ ಲಿಂಗೈಕ್ಯರಾದರು. ಸ್ಮರಣೆಯ ದಿನ ದೊಡ್ಡ ಪರದೆಯ ಮೇಲೆ ಆ ತಾಯಿಯ ಮುಖ ಮಸುಕಾಗಿ ಮೂಡಿತು. ಕಣ್ಣಂಚಿನ ಸುಕ್ಕುಗಳು, ಹಣೆಯ ಗೆರೆಗಳು ಎಲ್ಲವೂ ಕಲಸಿಹೋಗಿದ್ದವು. ಧ್ವನಿ ಮಾತ್ರ ಸ್ಪಷ್ಟವಾಗಿತ್ತು. ತರುಣನು ತಲೆ ತಗ್ಗಿಸಿ ಕುಳಿತಿದ್ದನು. ತಪ್ಪು ಅವನದಷ್ಟೇ ಅಲ್ಲ; ವೇಗದ ದಾರಿ ತೋರಿಸಿದ ನಾವು ಮೂಲವನ್ನು ಕಾಯುವ ಮಾತನ್ನು ಹೇಳಿರಲಿಲ್ಲ. ಅಳಿಸಿದ ವಿವರವನ್ನು ಪ್ರತಿಯಿಂದ ಮರಳಿ ಪಡೆಯಲಾಗದು.

ಆದುದರಿಂದ ಇಂದು ಹೇಳುತ್ತೇವೆ: ಮೊದಲು ಮೂಲವನ್ನು ಎರಡು ಬೇರೆ ಡಿಸ್ಕುಗಳಲ್ಲಿ ಇರಿಸಿ, ಅನಂತರ ಪ್ರಾಕ್ಸಿ ಮಾಡಿಕೊಳ್ಳಿ. ಮೂಲ ಕಡತಗಳ ಹೆಸರು ಬದಲಿಸದಿರಿ, ಕೊಂಡಿ ಕಡಿದೀತು. ಸ್ಥಳ ಸಾಲದಿದ್ದರೆ ಅಳಿಸಬೇಕಾದುದು ಪ್ರಾಕ್ಸಿಯನ್ನು. ಮೂಲವಿದ್ದರೆ ಅದನ್ನು ಎಂದು ಬೇಕಾದರೂ ಮತ್ತೆ ಮಾಡಿಕೊಳ್ಳಬಹುದು. ನಿಮ್ಮ ಮನೆಯಲ್ಲಿಯೂ ಮಾತನಾಡಬಲ್ಲ ಹಿರಿಯರಿದ್ದರೆ ಈ ವಾರವೇ ಅವರೆದುರು ಕುಳಿತುಕೊಳ್ಳಿ.