ಹಳೆಯ ಕಾರಿನ ಸದ್ದು

ನಮ್ಮ ಮನೆಯ ಕಾರಿಗೆ ಮೂವತ್ತು ವರ್ಷ ತುಂಬಿ ಕೆಲಕಾಲವಾಯಿತು. ಅದನ್ನು ತಯಾರಿಸಿದವರು ಯಾರೆಂದು ಇಲ್ಲಿ ಹೇಳಬೇಕಾದ ಅಗತ್ಯವಿಲ್ಲ. ಇಷ್ಟು ವರ್ಷ ದುಡಿದ ಯಂತ್ರ ಸದ್ದು ಮಾಡಿದರೆ ತಪ್ಪು ತಯಾರಕರದಲ್ಲ. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ನಂಜನಗೂಡಿನಿಂದ ಮೈಸೂರಿಗೆ ಹಿಂತಿರುಗುತ್ತಿದ್ದಾಗ ಅದರ ಇಂಜಿನ್ನಿನಿಂದ ಹೊಸದೊಂದು ಸದ್ದು ಹೊರಟಿತು. ಮುಚ್ಚಿದ ಬಾಗಿಲ ಆಚೆಯಿಂದ ಯಾರೋ ಬೆರಳ ಗೆಣ್ಣಿನಿಂದ ಮೆಲ್ಲನೆ ತಟ್ಟುತ್ತಿರುವಂತಿತ್ತು. ಪಕ್ಕದಲ್ಲಿ ಕುಳಿತಿದ್ದ ನನ್ನಾಕೆ, “ಏನ್ರೀ ಅದು ಸದ್ದು?” ಎಂದಳು. “ರಸ್ತೆ ಸರಿಯಿಲ್ಲ” ಎಂದೆ. ರಸ್ತೆ ಚೆನ್ನಾಗಿಯೇ ಇತ್ತು.

ಮರುದಿನದಿಂದ ಕಾರು ಹತ್ತಿದೊಡನೆ ರೇಡಿಯೋ ಹಾಕುವುದನ್ನು ರೂಢಿ ಮಾಡಿಕೊಂಡೆ. ಸದ್ದು ದಿನೇ ದಿನೇ ಬಲಿಯಿತು. ರೇಡಿಯೋದ ದನಿಯೂ ಅದರೊಡನೆ ಏರುತ್ತ ಹೋಯಿತು. ಹೀಗೆ ಎರಡು ತಿಂಗಳು ಕಳೆದವು. ದೀಪಾವಳಿಗೆಂದು ಬೆಂಗಳೂರಿನಿಂದ ಬಂದ ಮಗ ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದು, ಬೀಗದ ಕೈಯನ್ನು ಮೇಜಿನ ಮೇಲಿಟ್ಟು, “ಇನ್ನು ಇದನ್ನು ಕೊಟ್ಟುಬಿಡೋಣ, ಅಪ್ಪ” ಎಂದ.

ಅವನ ವಾದ ಸರಳವಾಗಿತ್ತು. ಈ ಕಾರನ್ನು ಮಾರಿದರೆ 40,000 ರೂಪಾಯಿ ಬಂದರೆ ಹೆಚ್ಚು. ಇಂಜಿನ್ ಬಿಚ್ಚಿಸಿ ರಿಪೇರಿ ಮಾಡಿಸಿದರೆ 35,000 ಖರ್ಚಾದೀತು. ನಲವತ್ತರ ವಸ್ತುವಿಗೆ ಮೂವತ್ತೈದನ್ನು ಸುರಿಯುವುದು ಯಾವ ಲೆಕ್ಕ? ನನ್ನ ವಾದವೂ ಸರಳವಾಗಿಯೇ ಇತ್ತು. ಆದರೆ ಅದನ್ನು ವಾದವೆಂದು ಕರೆಯುವುದು ಕಷ್ಟ. ಈ ಕಾರಿನಲ್ಲಿ ಅವನನ್ನು ಮೊದಲ ದಿನ ಶಾಲೆಗೆ ಬಿಟ್ಟು ಬಂದೆ. ನನ್ನ ತಾಯಿಯ ಕೊನೆಯ ತೀರ್ಥಯಾತ್ರೆ ಇದರಲ್ಲಿಯೇ ಆಯಿತು. ಮಂಡಿ ನೋವಿರುವ ನನ್ನಾಕೆಗೆ ಇದರ ಆಸನದಷ್ಟು ಹಿತವಾದದ್ದು ಇನ್ನೊಂದಿಲ್ಲ. ಒಬ್ಬನು ಲೆಕ್ಕವನ್ನು ಹಿಡಿದು ನಿಂತ, ಮತ್ತೊಬ್ಬನು ನೆನಪನ್ನು ಹಿಡಿದು ನಿಂತ. ಇಬ್ಬರೂ ಮಾಡದೆ ಬಿಟ್ಟ ಕೆಲಸ ಒಂದಿತ್ತು: ಆ ಸದ್ದು ಏನೆಂದು ಯಾರೂ ವಿಚಾರಿಸಿರಲಿಲ್ಲ.

ಹಬ್ಬ ಕಳೆದ ಮೇಲೆ ಕಾರನ್ನು ನಮಗೆ ಪರಿಚಿತರಾದ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿಗೆ ಒಯ್ದೆ. ಅವರು ನನ್ನ ಪೀಠಿಕೆಯನ್ನು ಅರ್ಧಕ್ಕೇ ತಡೆದು, “ಮೇಷ್ಟ್ರೆ, ಮೊದಲು ಆ ರೇಡಿಯೋ ನಿಲ್ಲಿಸಿ” ಎಂದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಮೇಲೊಮ್ಮೆ ಕೆಳಗೊಮ್ಮೆ ಆಲಿಸಿದರು. ವೈದ್ಯನು ಎದೆಯ ಮೇಲೆ ಸ್ಟೆತೊಸ್ಕೋಪು ಇಡುವಾಗ ಇರುವ ನಿಶ್ಶಬ್ದವೇ ಅಲ್ಲಿಯೂ ಇತ್ತು. ಕಾರುಳ್ಳ ಎಲ್ಲರೂ ತಿಳಿದಿರಬೇಕಾದ ಒಂದು ಪಾಠವನ್ನು ಅಂದು ನಾನು ಅವರಿಂದ ಕಲಿತೆ. “ಇಂಜಿನ್ ಸದ್ದು ಮಾಡುತ್ತದೆ” ಎಂಬ ಮಾತಿಗೆ, “ಮಗು ಅಳುತ್ತದೆ” ಎಂಬ ಮಾತಿಗಿಂತ ಹೆಚ್ಚಿನ ಅರ್ಥವಿಲ್ಲ.

ಇಂಜಿನ್ನಿನ ಮೇಲ್ಭಾಗದಿಂದ ಹೊಲಿಗೆಯಂತ್ರದ ಹಾಗೆ ಟಿಕ್‌ಟಿಕ್ಕೆಂದು ಕೇಳುವುದು ಟ್ಯಾಪೆಟ್ ಸದ್ದು. ನಿಮಿಷಕ್ಕೆ 3,000 ಸುತ್ತು ತಿರುಗುವ ಇಂಜಿನ್ನಿನಲ್ಲಿ ಒಂದೊಂದು ವಾಲ್ವು 1,500 ಸಲ ತೆರೆದು ಮುಚ್ಚುತ್ತದೆ. ಅದನ್ನು ಆಡಿಸುವ ಭಾಗಗಳ ನಡುವಿನ ಕೂದಲೆಳೆಯಷ್ಟು ಸಂದು ಸವೆದು ಹಿಗ್ಗಿದಾಗ ಈ ಸದ್ದು ಹುಟ್ಟುತ್ತದೆ. ಇದು ಬಹುಮಟ್ಟಿಗೆ ಸಂದನ್ನು ಅಳೆದು ಸರಿಪಡಿಸಿದರೆ ಮುಗಿಯುವ ಕೆಲಸ. ಸಂದು ತೀರ ಕಿರಿದಾದರೆ ಸದ್ದೇ ಇರುವುದಿಲ್ಲ. ಆದರೆ ವಾಲ್ವು ಪೂರ್ತಿಯಾಗಿ ಮುಚ್ಚಿಕೊಳ್ಳದೆ ಸುಟ್ಟುಹೋಗುತ್ತದೆ. ಸದ್ದಿಲ್ಲದಿರುವುದೇ ಆರೋಗ್ಯವಲ್ಲ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಬೆಳಗಿನ ಚಳಿಯಲ್ಲಿ ಮಂಕಾಗಿ ಬಡಿದು, ಇಂಜಿನ್ ಕಾದಂತೆ ಅಡಗುವುದು ಪಿಸ್ಟನ್ನಿನ ಸದ್ದು. ಸವೆದ ಸಿಲಿಂಡರಿನಲ್ಲಿ ಪಿಸ್ಟನ್ ಓಲಾಡುತ್ತದೆ. ಬಿಸಿಯೇರಿದಾಗ ಹಿಗ್ಗಿ ಬಿಗಿಯಾಗುತ್ತದೆ. ಇಂಥ ಕಾರು ಎಣ್ಣೆಯನ್ನು ಸ್ವಲ್ಪ ಹೆಚ್ಚಾಗಿ ಕುಡಿದರೂ ಬಹುಕಾಲ ಓಡೀತು. ಏರು ಹತ್ತುವಾಗ ಮಾತ್ರ ಸಣ್ಣ ಕಲ್ಲುಗಳನ್ನು ಡಬ್ಬಿಯಲ್ಲಿ ಕುಲುಕಿದಂತೆ ಕೇಳಿದರೆ, ಒಳಗೆ ಮಸಿ ಕಟ್ಟಿರುವುದೋ ಕಿಡಿ ಹಾರುವ ಹೊತ್ತು ತಪ್ಪಿರುವುದೋ ಕಾರಣವಾಗಿರಬಹುದು. ಆದರೆ ತಳದಿಂದ ಭಾರವಾಗಿ ಟಕಟಕನೆ ಬಡಿಯುವ, ಇಂಜಿನ್ನಿನ ಮೇಲೆ ಭಾರ ಬಿದ್ದಾಗ ಜೋರಾಗುವ ಸದ್ದು ಬೇರೆಯೇ ಜಾತಿಯದು. ಅದು ಕನೆಕ್ಟಿಂಗ್ ರಾಡಿನ ಬೇರಿಂಗಿನದು. ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಎಣ್ಣೆಯ ತೆಳು ಪದರವೊಂದು ಇರುತ್ತದೆ. ಬೇರಿಂಗನ್ನು ಬೇಕೆಂದೇ ಮೆದು ಲೋಹದಿಂದ ಮಾಡಿರುತ್ತಾರೆ. ಎಣ್ಣೆ ಕಡಿಮೆಯಾದಾಗ ಅಮೂಲ್ಯವಾದ ಕ್ರ್ಯಾಂಕಿನ ಬದಲು ಅದು ಸವೆಯಲಿ ಎಂಬ ಉದ್ದೇಶದಿಂದ. ಈ ಸದ್ದು ಕೇಳಿದ ಮೇಲೂ ಓಡಿಸಿದರೆ ಕ್ರ್ಯಾಂಕೂ ಕೆಡುತ್ತದೆ. ಕೊನೆಗೆ ರಾಡು ಮುರಿದು ಇಂಜಿನ್ನಿನ ಗೋಡೆಯನ್ನೇ ಒಡೆದು ಹೊರಬಂದರೂ ಬಂದೀತು.

ಮೆಕ್ಯಾನಿಕ್ ಒಂದೊಂದೇ ಪ್ಲಗ್ಗಿನ ತಂತಿಯನ್ನು ಕಳಚಿ ನೋಡಿದರು. ಮೂರನೆಯದನ್ನು ಕಳಚಿದಾಗ ಬಡಿತ ತಗ್ಗಿತು. “ಇಲ್ಲೇ ಇದೆ” ಎಂದರು. ಬಳಿಕ ಎಣ್ಣೆಯ ಕಡ್ಡಿಯನ್ನು ಎಳೆದು ನನ್ನ ಮುಖದ ಮುಂದೆ ಹಿಡಿದರು. ಅದರ ತುದಿ ಒಣಗಿತ್ತು. “ಸದ್ದು ಶುರುವಾದಾಗಲೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ, ಮೇಷ್ಟ್ರೆ” ಎಂದರು. ಮೂವತ್ತೈದು ವರ್ಷ ಪಾಠ ಹೇಳಿ, ಹುಡುಗರಿಗೆ ಗಮನವಿಟ್ಟು ಕೇಳಿರೆಂದು ಬೋಧಿಸಿದವನು ನಾನು. ತಲೆ ತಗ್ಗಿಸಿದೆ.

ಈಗ ಮಗನ ಲೆಕ್ಕಕ್ಕೆ ಬರೋಣ. ರಿಪೇರಿಯ ಖರ್ಚನ್ನು ಕಾರಿನ ಮಾರಾಟದ ಬೆಲೆಯೊಡನೆ ತೂಗುವುದು ಎಲ್ಲೆಲ್ಲಿಯೂ ಕಾಣುವ ರೂಢಿ. ಅದು ತಪ್ಪು ತಕ್ಕಡಿ ಎಂದು ನನ್ನ ನಂಬಿಕೆ. ಮಾರಾಟದ ಬೆಲೆ, ಈ ವಸ್ತು ಬೇಡವಾದಾಗ ಏನು ಸಿಕ್ಕೀತು ಎಂಬುದನ್ನು ತಿಳಿಸುತ್ತದೆ. ಬೇಕಾದಾಗ ಏನು ಕೊಟ್ಟೀತು ಎಂಬುದನ್ನಲ್ಲ. 35,000 ರೂಪಾಯಿಯ ರಿಪೇರಿಯಿಂದ ಕಾರು ಮೂರು ವರ್ಷ ಓಡಿದರೆ ತಿಂಗಳಿಗೆ ಸುಮಾರು 1,000 ಬಿದ್ದ ಹಾಗೆ. ಟೈರು, ಬ್ರೇಕು, ಬ್ಯಾಟರಿಗಳಿಗೆಂದು ಅಷ್ಟನ್ನೇ ಮತ್ತೆ ಸೇರಿಸಿದರೂ 2,000. ಐದು ಲಕ್ಷದ ಹೊಸ ಕಾರಿಗೆ, ಬಡ್ಡಿಯನ್ನು ಮರೆತರೂ, ಐದು ವರ್ಷ ತಿಂಗಳಿಗೆ 8,000ಕ್ಕೂ ಮಿಕ್ಕಿ ಕಟ್ಟಬೇಕು. ಆ ಹೊತ್ತಿಗೆ ಹೊಸ ಕಾರಿಗೆ ಒಂದಿಷ್ಟು ಬೆಲೆ ಉಳಿದಿರುತ್ತದೆ, ನಿಜ. ತಿಂಗಳಿಗೆ ಎರಡೇ ಸಲ ಹೊರಡುವವನಿಗೆ ಇವೆರಡಕ್ಕಿಂತ ಬಾಡಿಗೆಯ ಕಾರೇ ಮೇಲು ಎಂಬುದೂ ನಿಜ. ಯಾವುದನ್ನು ಆರಿಸಿದರೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇರಬೇಕಾದುದು ಮುಂದಿನ ಓಡಾಟದ ವೆಚ್ಚ. ಹಳೆಯ ಕಾರಿನ ಗುಜರಿ ಬೆಲೆಯಲ್ಲ.

ಹಾಗೆಂದು ನೆನಪಿನ ಪಕ್ಷವೇ ಗೆದ್ದಿತೆಂದು ಯಾರೂ ತಿಳಿಯಬಾರದು. ಹಿಂದೆ ಎಲ್ಲರೂ ವಸ್ತುಗಳನ್ನು ಪ್ರೀತಿಯಿಂದ ಕಾಪಾಡುತ್ತಿದ್ದರು, ಇಂದಿನವರು ಎಸೆಯುತ್ತಾರೆ ಎಂದು ನನ್ನ ವಯಸ್ಸಿನವರು ಹಾಡುವುದುಂಟು. ಅದು ಅರ್ಧ ಸತ್ಯ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ಈ ದೇಶದಲ್ಲಿ ಮೋಟಾರು ಕಾರ್ಖಾನೆಯೊಂದನ್ನು ಕಟ್ಟಲು ಯೋಜನೆ ಹಾಕಿ ಶ್ರಮಿಸಿದರು. ಅಂದಿನ ಬ್ರಿಟಿಷ್ ಸರ್ಕಾರದ ಬೆಂಬಲ ಅದಕ್ಕೆ ದೊರೆಯಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ದಶಕಗಳ ಕಾಲ ಅಂಬಾಸಡರ್, ಫಿಯಟ್‌ಗಳಂಥ ಎರಡು ಮೂರು ಮಾದರಿಗಳೇ ನಮಗೆ ಗತಿ. ಹಣವಿದ್ದವರೂ ವರ್ಷಗಟ್ಟಲೆ ಸರದಿ ಕಾಯಬೇಕಾಗಿತ್ತು. ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ಅದಕ್ಕೆ ಮೊದಲು ಕಾರನ್ನು ರಿಪೇರಿ ಮಾಡಿಸುವುದು ನಮ್ಮ ಗುಣವಾಗಿರಲಿಲ್ಲ, ಗತಿಯಾಗಿತ್ತು. ಆದರೆ ಆ ಗತಿಯೇ ಒಂದು ವಿದ್ಯೆಯನ್ನು ಬೆಳೆಸಿತು. ಸಿಲಿಂಡರ್ ಬೋರು ಮಾಡುವ ಲೇತಿನವರು, ಕ್ರ್ಯಾಂಕ್ ಉಜ್ಜುವವರು, ಬೇಕಾದ ಬಿಡಿಭಾಗವನ್ನು ಎಲ್ಲಿಂದಲೋ ಹುಡುಕಿ ತರುವ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವರು, ಕಿವಿಯಿಂದಲೇ ರೋಗ ಹೇಳುವ ನಮ್ಮ ಮೆಕ್ಯಾನಿಕ್ಕಿನಂಥವರು, ಇವರೆಲ್ಲ ಆ ವಿದ್ಯೆಯ ವಾರಸುದಾರರು. ಅವರ ಮಕ್ಕಳು ಈ ಕೆಲಸಕ್ಕೆ ಬಂದಿಲ್ಲ. ನಾವು ಅವರ ಬಾಗಿಲಿಗೆ ಹೋಗದಿದ್ದರೆ ಆ ವಿದ್ಯೆ ಅವರೊಡನೆಯೇ ಮುಗಿಯುತ್ತದೆ.

ಹಳೆಯ ಕಾರನ್ನು ಇಟ್ಟುಕೊಳ್ಳುವವನಿಗೆ ಇನ್ನೊಂದು ಹೊಣೆಯುಂಟು. ರಸ್ತೆ ಅವನೊಬ್ಬನದಲ್ಲ. ನಮ್ಮ ಮೋಟಾರು ವಾಹನ ಕಾಯಿದೆಯಂತೆ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಪರೀಕ್ಷೆಗೆ ಒಳಪಡಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿದಾಗ ನಾನೂ ಗೊಣಗಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳನ್ನೂ 15 ವರ್ಷ ದಾಟಿದ ಪೆಟ್ರೋಲ್ ವಾಹನಗಳನ್ನೂ ತಡೆದ ಮೇಲೆ, ವಯಸ್ಸನ್ನೇ ಅಳತೆಗೋಲು ಮಾಡುವುದು ನ್ಯಾಯವೇ ಎಂಬ ಚರ್ಚೆ ನಿಂತಿಲ್ಲ. ವಯಸ್ಸಿಗಿಂತ ಸ್ಥಿತಿಯನ್ನು ನೋಡಬೇಕೆಂಬುದೇ ನನ್ನ ಅಭಿಪ್ರಾಯ. ಆದರೆ ಸ್ಥಿತಿಯನ್ನು ನೋಡುವುದಾದರೆ ಪ್ರಾಮಾಣಿಕವಾಗಿ ನೋಡಬೇಕು. 2020ರ ಏಪ್ರಿಲಿನಿಂದ ಬಂದಿರುವ ಹೊಸ ಕಾರುಗಳ ಹೊಗೆಯ ಮುಂದೆ ನನ್ನ ಕಾರಿನ ಹೊಗೆ ಕೊಳಕೇ. ಅದರಲ್ಲಿ ಗಾಳಿಚೀಲವೂ ಇಲ್ಲ. ದಿನಕ್ಕೆ ಐವತ್ತು ಮೈಲಿ ಓಡಾಡುವವನು ನನ್ನ ಹಾದಿ ಹಿಡಿಯುವುದು ತರವಲ್ಲ. ಇಂಜಿನ್ನು ಎಷ್ಟೇ ಚೆನ್ನಾಗಿರಲಿ, ಚಾಸಿಗೆ ತುಕ್ಕು ಹಿಡಿದು ಬಲ ಕಳೆದುಕೊಂಡ ಕಾರಿಗೆ ಒಂದು ರೂಪಾಯಿಯನ್ನೂ ಸುರಿಯಬಾರದು.

ಅದಕ್ಕೆಂದೇ ಇಂಜಿನ್ ಇಳಿಸುವ ಮೊದಲು ಕಾರನ್ನು ಎತ್ತಿಸಿ ಅಡಿಯನ್ನು ತೋರಿಸಲು ಹೇಳಿದೆ. ಮೆಕ್ಯಾನಿಕ್ ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು ನೋಡಿದರು, ಗಟ್ಟಿಯಾಗಿತ್ತು. ಬೇರಿಂಗುಗಳು ಸವೆದಿದ್ದುವು, ಕ್ರ್ಯಾಂಕಿನ ಮೇಲೆ ಗೀರುಗಳಿದ್ದರೂ ಉಜ್ಜಿಸಿದರೆ ಹೋಗುವಷ್ಟೇ ಇದ್ದುವು. ಮಗನಿಗೆ ಫೋನು ಮಾಡಿ ಎಲ್ಲವನ್ನೂ ತಿಳಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಮಾಡಿಸಿ, ಅಪ್ಪ. ಆದರೆ ಬೆಂಗಳೂರಿಗೆ ಇದರಲ್ಲಿ ಬರಬೇಡಿ, ರೈಲಿನಲ್ಲಿ ಬನ್ನಿ” ಎಂದ. ಒಪ್ಪಿದೆ. ಅವನ ಮಾತಿನಲ್ಲಿದ್ದುದು ಲೆಕ್ಕವಲ್ಲವೆಂದು ಆಗ ತಿಳಿಯಿತು.

ಕಾರು ಮನೆಗೆ ಬಂದ ದಿನ ಒಂದು ಪುಸ್ತಕದಲ್ಲಿ ಬರೆದಿಟ್ಟೆ: ಎಣ್ಣೆಯನ್ನು ಪ್ರತಿ ಭಾನುವಾರ ನೋಡುವುದು, ತಳಕ್ಕೆ ತುಕ್ಕು ಹಿಡಿದರೆ, ಹೊಗೆಯ ಪರೀಕ್ಷೆಯಲ್ಲಿ ತಪ್ಪಿದರೆ, ಇಲ್ಲವೆ ನನ್ನ ಕಣ್ಣೇ ಮಂದವಾದರೆ, ವಾದಕ್ಕೆ ನಿಲ್ಲದೆ ಕೊಟ್ಟುಬಿಡುವುದು. ಮುಂದಿನ ವಾರ ಮತ್ತೆ ನಂಜನಗೂಡಿಗೆ ಹೊರಟೆವು. ಕಪಿಲೆಯ ಸೇತುವೆ ದಾಟುವಾಗ ನನ್ನಾಕೆ ರೇಡಿಯೋದ ಕಡೆ ಕೈ ಚಾಚಿದಳು. ಬೇಡವೆಂದೆ.