ಬೆಂಗಳೂರಿನ ಬೆಳವಣಿಗೆ, ಜುಗೂಳದ ಬಾಕಿ



2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಬಂಡವಾಳಗಾರರ ಸಮಾವೇಶ ನಡೆಯಿತು. ಹತ್ತು ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿ ಹೂಡಿಕೆಯ ಮಾತು ಬಂತೆಂದು ಸರ್ಕಾರ ಸಾರಿತು. ಬರೀ ಮಾತು ಕೊಟ್ಟವರಿಗೂ ಹಾರ, ಶಾಲು! ಉದ್ದಿಮೆಗೆ ಬೇಕಾದ ಜಮೀನು ಮಾತ್ರ ರೈತನದು. ದೇವನಹಳ್ಳಿ ಕಡೆಯ ನಮ್ಮ ಅಣ್ಣತಮ್ಮಂದಿರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಹೆಚ್ಚು ಹೋರಾಡಬೇಕಾಯಿತು.

ಅದೇ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರು ಗುರ್ಲಾಪುರ ಕ್ರಾಸಿನಲ್ಲಿ ಹಗಲು ರಾತ್ರಿ ಕೂತರು. ಕೇಳಿದ್ದು ಟನ್ನಿಗೆ 3,500 ರೂಪಾಯಿ. ಸರ್ಕಾರ ಬಂದು ನಿಂತದ್ದು 3,300ಕ್ಕೆ, ಅದೂ ಇಳುವರಿಯ ಷರತ್ತು ಹಾಕಿ.

ಬೆಲೆ ಅತ್ತ ಇರಲಿ, ರೊಕ್ಕ ಯಾವಾಗ ಬರತೈತಿ? ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ಶೇ. 15 ಬಡ್ಡಿ ಕೂಡಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಆ ಬಡ್ಡಿ ಕಂಡವರು ಕೈ ಎತ್ತರಿ ನೋಡೋಣ! ಸೊಸೈಟಿ ಸಾಲದ ಗಡುವನ್ನು ನೀವು ತಪ್ಪಿಸಿದರೆ ಮಾತ್ರ ಬಡ್ಡಿ ಮಾಫಿ ಹೋಯಿತೆಂದೇ ತಿಳೀರಿ.

ಜುಗೂಳದ ಹೊಲಗಳಿಗೆ 2019ರಲ್ಲಿ ಕೃಷ್ಣಾ ಹೊಳಿ ನುಗ್ಗಿತು, 2021ರಲ್ಲಿ ಮತ್ತೆ ನುಗ್ಗಿತು. ಕಬ್ಬು ಕೊಳೆಯಿತು, ಸಾಲ ಕೊಳೆಯಲಿಲ್ಲ. ಮಗ ಬೆಂಗಳೂರಿಗೆ ಹೊಂಟರ ತಡೀಬ್ಯಾಡ್ರಿ. ಆದರೆ ಅವನು ಕೆಲಸ ಕಲಿಯಲು ಹೋಗುತ್ತಾನೋ, ನಿಮ್ಮ ಬಾಕಿ ತೀರಿಸಲು ಹೋಗುತ್ತಾನೋ? ಎರಡನ್ನೂ ‘ಅವಕಾಶ’ ಎಂದೇ ಲೆಕ್ಕ ಬರೆಯುವವರು ಬೆಂಗಳೂರಿನಲ್ಲಿದ್ದಾರೆ.

ಮುಂದಿನ ಸಭೆಗೆ ಬರುವಾಗ ಕಬ್ಬಿನ ಬಿಲ್ ತನ್ನಿರಿ. ಕಬ್ಬು ಹೋದ ದಿನ, ರೊಕ್ಕ ಜಮಾ ಆದ ದಿನ, ಎರಡನ್ನೂ ಅದರ ಬೆನ್ನಿಗೆ ಬರೆದಿರಿ.